ಮಂಚ ಕೊಯ್ದು ಮಾಡಿದ ಗಾಡಿ

ವಯಸ್ಸಾದವರ ಬಾಯಿಗೆ ರುಚಿ ಬೇಕಾಗುವುದಿಲ್ಲ, ಎರಡು ತುತ್ತು ಮೆತ್ತಗಿನ ಅನ್ನ ಸಿಕ್ಕರೆ ಸಾಕು ಎಂದು ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ಹಾಗೆ ಹೇಳುವವರೆಲ್ಲ ಮೂವತ್ತು ನಲವತ್ತರವರು. ಎಪ್ಪತ್ತು ದಾಟಿದವರ ಬಾಯಿಂದ ಆ ಮಾತು ನಾನು ಕೇಳಿಲ್ಲ. ಮುದುಕರಿಗೆ ಕೊನೆಗೆ ಉಳಿಯುವುದೇ ಬಾಯಿ. ಕಣ್ಣು ಮಂಜಾಗುತ್ತದೆ, ಮೊಣಕಾಲು ಮಾತು ಕೇಳುವುದಿಲ್ಲ, ಜೊತೆಗಿದ್ದವರು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ನಾಲಿಗೆ ಮಾತ್ರ ತಿನ್ನುವುದಕ್ಕೂ ಬೈಯುವುದಕ್ಕೂ ಒಂಟಿಯಾಗಿ ದುಡಿಯುತ್ತಾ ಇರುತ್ತದೆ. ನನ್ನ ನಾಲಿಗೆ ಬೈಯುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ ಅಂತ ನನ್ನ ಸೊಸೆ ಮಾದೇವಿ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ. ತೊಂದರೆ ಇದ್ದದ್ದು ತಿನ್ನುವುದರಲ್ಲಿ. ಗ್ಯಾಸಿನ ಮೇಲೆ ಕುಕ್ಕರಿನಲ್ಲಿ ಸೀಟಿ ಹೊಡೆಸಿದ ಊಟ ನನಗೆ ಆಸ್ಪತ್ರೆಯ ಊಟದ ಹಾಗೆ. ಹೊಟ್ಟೆ ತುಂಬುತ್ತದೆ, ಉಂಡ ಹಾಗಾಗುವುದಿಲ್ಲ. ಅದರಲ್ಲಿ ಹೊಗೆ ಇಲ್ಲ. ಹೊಗೆ ತಾಗದ ಬದನೆಕಾಯಿ ಬದನೆಕಾಯಿಯೇ ಅಲ್ಲ, ನೀರು ಕುಡಿದ ಅರಿವೆ.

ನಾನು ಹೊಗೆಯಲ್ಲೇ ಬದುಕಿದವಳು. ವಿಜಾಪುರದ ಕಡೆಯಿಂದ ಗಂಡನ ಬೆನ್ನು ಹತ್ತಿ ಮುಂಬೈಗೆ ಬಂದೆ. ಅವರು ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಹೋದರು, ನಾನು ಸಯನ್ ಸ್ಟೇಷನ್ನಿನ ಹೊರಗೆ ಇದ್ದಿಲಿನ ಶೆಗಡಿ ಇಟ್ಟುಕೊಂಡು ಭುಟ್ಟಾ, ಅಂದರೆ ಮೆಕ್ಕೆಜೋಳದ ತೆನೆ, ಸುಡಲು ಕೂತೆ. ಮೊಣಕಾಲು ಇನ್ನು ಏಳಲಾರೆ ಅನ್ನುವವರೆಗೂ ಅಲ್ಲೇ ಕೂತಿದ್ದೆ. ಬೀದಿಯಲ್ಲಿ ಕೂತು ಮಾರುವವರಿಗೆ ದೇವರ ಭಯ ಕಡಿಮೆ, ಪಾಲಿಕೆಯ ಗಾಡಿಯ ಭಯ ಹೆಚ್ಚು. ಲೈಸನ್ಸ್ ಇಲ್ಲದವರ ಸಾಮಾನನ್ನೆಲ್ಲ ಅದು ಎತ್ತಿಕೊಂಡು ಹೋಗುತ್ತದೆ. ಲೈಸನ್ಸ್ ಎಂಬುದು ನಮ್ಮಲ್ಲಿ ಯಾರಿಗೂ ಇರಲಿಲ್ಲ. ರಸ್ತೆಯ ಆ ತುದಿಯಿಂದ ಯಾರಾದರೂ ‘ಗಾಡೀ ಆಯೀ’ ಅಂತ ಕೂಗಿದರೆ ಸಾಕು, ಉರಿಯುವ ಶೆಗಡಿಯನ್ನು ಸಿಂಬಿಯ ಮೇಲಿಟ್ಟು ತಲೆಗೇರಿಸಿ ಓಡುತ್ತಿದ್ದೆ. ತಲೆಯ ಮೇಲೆ ಬೆಂಕಿ ಇಟ್ಟುಕೊಂಡವಳಿಗೆ ಜನ ಬಿಡುವಷ್ಟು ದಾರಿಯನ್ನು ಮಂತ್ರಿಗೂ ಬಿಡುವುದಿಲ್ಲ. ಒಂದು ಸಲವೂ ಸಿಕ್ಕಿಬಿದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ, ಬೇರೆ ಯಾವುದಕ್ಕೂ ಅಲ್ಲ.

ಈಗ ಚೆಂಬೂರಿನ ಒಂದು ಹಳೇ ಬಿಲ್ಡಿಂಗಿನಲ್ಲಿ, ಗ್ರೌಂಡ್ ಫ್ಲೋರಿನಲ್ಲಿ, ಮಗ ಬಸವರಾಜನ ಮನೆಯಲ್ಲಿದ್ದೇನೆ. ಬಸ್ಯಾ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂರುತ್ತಾನೆ. ಆ ಬಂದೂಕನ್ನು ಹಾರಿಸುವ ಪ್ರಸಂಗ ಇವತ್ತಿನವರೆಗೆ ಬಂದಿಲ್ಲವಾದ್ದರಿಂದ ಫೋನು ನೋಡಲು ಅವನಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಒಂದು ದಿನ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದ. ಅದರಲ್ಲೊಬ್ಬ ಗಡ್ಡದ ಬಿಳಿಯ ಮನುಷ್ಯ ಕರೀ ಡ್ರಮ್ಮಿನೊಳಗೆ ಇದ್ದಿಲು ಹಾಕಿ, ಒಂದು ದೊಡ್ಡ ಮಾಂಸದ ತುಂಡು ಇಟ್ಟು, ಮುಚ್ಚಳ ಹಾಕಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹಿತ್ತಲು ನಮ್ಮ ಬಿಲ್ಡಿಂಗಿನಷ್ಟಿತ್ತು. ಸಂಜೆವರೆಗೂ ಅಲ್ಲೇ ಕೂತಿದ್ದ. ಹೆಂಡತಿ ಎಲ್ಲೂ ಕಾಣಲಿಲ್ಲ. ಒಂದೇ ತುಂಡು ಬೇಯಿಸಲು ಇಡೀ ದಿನ ತೆಗೆದುಕೊಳ್ಳುವವನ ಜೊತೆ ಯಾರು ಬಾಳ್ವೆ ಮಾಡುತ್ತಾರೆ, ಬಿಟ್ಟು ಹೋಗಿರಬೇಕು. “ಇದಕ್ಕ ಸ್ಮೋಕರ್ ಅಂತಾರ ಯವ್ವಾ, ಹೊಗಿಯೊಳಗ ಬೇಯಿಸೋದು,” ಅಂದ ಬಸ್ಯಾ. ಹೊಗೆ ಅಂದ ಕೂಡಲೇ ನಾನು ಎದ್ದು ಕೂತೆ.

ನಮ್ಮ ಪಕ್ಕದ ಮನೆಯ ಹಸೀನಾ ನಮ್ಮ ಕಡೆಯವಳೇ. ಅವಳ ತಮ್ಮ ರಫೀಕನದು ಕುರ್ಲಾದಲ್ಲಿ ಭಂಗಾರದ ಅಂಗಡಿ, ಅಂದರೆ ಹಳೇ ಕಬ್ಬಿಣ, ಮುರಿದ ಸಾಮಾನು ಕೊಳ್ಳುವುದು ಮಾರುವುದು. ಜಗತ್ತಿನಲ್ಲಿ ಇರುವುದೆಲ್ಲ ಒಂದಲ್ಲ ಒಂದು ದಿನ ರಫೀಕನ ಅಂಗಡಿಗೆ ಬರುತ್ತದೆ ಎಂದು ಹಸೀನಾ ಹೇಳುತ್ತಾಳೆ, ಅದು ಸುಳ್ಳಲ್ಲ. ಅಲ್ಲಿಂದ ಒಂದು ಎಣ್ಣೆ ಡ್ರಮ್ಮು ಬಂತು. ವೆಲ್ಡಿಂಗ್ ಅಂಗಡಿಯವನು ಅದನ್ನು ಅಡ್ಡ ಮಲಗಿಸಿ, ಹೊಟ್ಟೆ ಕೊಯ್ದು, ಬಿಜಾಗರಿ ಹಚ್ಚಿ ಮುಚ್ಚಳ ಮಾಡಿದ. ಒಳಗೆ ಕಬ್ಬಿಣದ ಜಾಲಿ, ಒಂದು ತುದಿಯಲ್ಲಿ ಹೊಗೆ ಹೋಗಲು ಕೊಳವೆ. ಎಣ್ಣೆಯ ವಾಸನೆ ಹೋಗುವವರೆಗೆ ಖಾಲಿ ಡ್ರಮ್ಮಿಗೇ ಬೆಂಕಿ ಹಾಕಿ ಹಾಕಿ ಸುಟ್ಟೆವು. ಆಮೇಲೆ ಬಸ್ಯಾ ಬಿಳಿಯನ ಹಾಗೆ ಕುರ್ಚಿ ಹಾಕಿಕೊಂಡು ಕೂತು ಒಂದು ಇಡೀ ಕೋಳಿ ಬೇಯಿಸಿದ. ಹೊರಗೆ ಇದ್ದಿಲು, ಒಳಗೆ ಹಸಿ. ಮಾದೇವಿ ತಟ್ಟೆ ಸರಿಸಿ, “ಇದಕ್ಕ ಆ ಬಂದೂಕಿಲೆ ಹೊಡದಿದ್ರ ಛಲೋ ಇತ್ತು, ಜಲ್ದಿ ಸಾಯ್ತಿತ್ತು,” ಅಂದಳು. ಮರುವಾರದಿಂದ ಡ್ರಮ್ಮು ನನ್ನ ಕೈಗೆ ಬಂತು.

ಬೆಂಕಿ ನನಗೆ ಹೊಸದಲ್ಲ. ಇದ್ದಿಲನ್ನು ಒಂದು ಬದಿಗೆ ಮಾತ್ರ ಇಡಬೇಕು, ತಿನ್ನುವುದು ಇನ್ನೊಂದು ಬದಿಗೆ. ಮೇಲೆ ನೆನೆಸಿದ ತೆಂಗಿನ ಚಿಪ್ಪು, ಭುಟ್ಟಾ ಸುಲಿದು ಉಳಿದ ಬೆಂಡು. ಆಮೇಲೆ ಮುಚ್ಚಳ ತೆಗೆಯಬಾರದು, ಅಷ್ಟೇ. ಗಂಡಸರಿಗೆ ಆಗದೇ ಇರುವುದು ಇದೊಂದೇ, ಅವರು ಹೊತ್ತು ಹೊತ್ತಿಗೂ ತೆಗೆದು ನೋಡುತ್ತಾರೆ. ನಾನು ಬದನೆಕಾಯಿ ಇಟ್ಟೆ, ಬೆಳ್ಳುಳ್ಳಿಯ ಗಡ್ಡೆ ಇಟ್ಟೆ, ಕುರಿಯ ಪಕ್ಕೆಲುಬಿನ ತುಂಡಿಗೆ ಖಾರ ಉಪ್ಪು ಸವರಿ ಇಟ್ಟೆ. ಸಂಜೆ ತೆಗೆದಾಗ ಮಾಂಸ ಎಲುಬನ್ನು ತಾನೇ ಬಿಟ್ಟು ಬಂತು. ನನಗೆ ಹಲ್ಲಿರುವುದು ನಾಲ್ಕು, ಅವೂ ಒಂದರ ಎದುರಿಗೆ ಒಂದು ಇಲ್ಲ. ಮಾಂಸ ಬಿಟ್ಟು ಬಹಳ ವರ್ಷವಾಗಿತ್ತು. ಆ ದಿನ ರೊಟ್ಟಿಯ ಜೊತೆ ಅದನ್ನು ಬಾಯಿಗಿಟ್ಟಾಗ ನಾನು ಯಾರ ಜೊತೆಯೂ ಮಾತಾಡಲಿಲ್ಲ. “ಅತ್ತಿ ಬೈಯಾಕತ್ತಿಲ್ಲ, ಮೈಯಾಗ ಆರಾಮ ಇಲ್ಲೇನು ನೋಡ್ರಿ,” ಅಂತ ಮಾದೇವಿ ಗಂಡನಿಗೆ ಹೇಳಿದಳು. ಅವತ್ತೇ ತೀರ್ಮಾನ ಮಾಡಿದೆ. ಇನ್ನು ಉಳಿದಷ್ಟು ದಿನ ಭಾನುವಾರಕ್ಕೊಮ್ಮೆ ನನಗೆ ಆ ಡ್ರಮ್ಮಿನ ಊಟ ಬೇಕು. ತೀರ್ಥಯಾತ್ರೆ ಬೇಡ, ರೇಷ್ಮೆ ಸೀರೆ ಬೇಡ.

ಡ್ರಮ್ಮು ಇದ್ದದ್ದು ಬಿಲ್ಡಿಂಗಿನ ಹಿಂದೆ. ಹಿತ್ತಲು ಅನ್ನಬೇಕೆಂದರೆ ಅನ್ನಬಹುದು. ಗೋಡೆಗೂ ಕಾಂಪೌಂಡಿಗೂ ನಡುವೆ ಎರಡು ಮಂಚ ಹಿಡಿಯುವಷ್ಟು ಅಗಲದ ಓಣಿಯಂಥ ಜಾಗ, ತುದಿಯಲ್ಲಿ ರಸ್ತೆಗೆ ತೆರೆಯುವ ಸಣ್ಣ ಗೇಟು. ಕಾಗದದ ಪ್ರಕಾರ ಅದು ಸೊಸೈಟಿಯ ಜಾಗ, ಬಟ್ಟೆ ಒಗೆಯುವ ಕಲ್ಲಿನ ಪ್ರಕಾರ ನಮ್ಮದು. ಅಲ್ಲಿ ಇಟ್ಟಿಗೆ ಜೋಡಿಸಿ ಅದರ ಮೇಲೆ ಡ್ರಮ್ಮು ಮಲಗಿಸಿದ್ದೆವು. ಒಂದು ಸಂಜೆ ಸೊಸೈಟಿಯ ಸೆಕ್ರೆಟರಿ ಸಾವಂತ ಬಂದರು. ಎರಡನೇ ಮಾಳಿಗೆಯಲ್ಲಿರುತ್ತಾರೆ, ಒಳ್ಳೆಯ ಮನುಷ್ಯ, ಆದರೆ ಸೆಕ್ರೆಟರಿ. ಹೊಗೆಯ ಬಗ್ಗೆ ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ನಾನು ಬಾಯಿ ಸಿದ್ಧ ಮಾಡಿಕೊಂಡೆ. ಅವರು ಹೊಗೆಯ ಕಡೆ ನೋಡಲೇ ಇಲ್ಲ. ಬಗ್ಗಿ ಇಟ್ಟಿಗೆ ನೋಡಿದರು.

“ಆಜೀ, ಇದು ಬಾಂಧಕಾಮ ಆಗ್ತದೆ,” ಅಂದರು. ಅವರು ಮರಾಠಿಯವರು, ನನ್ನ ಹತ್ತಿರ ಮಾತಾಡುವಾಗ ಮರಾಠಿ, ಹಿಂದಿ, ತಮಗೆ ಗೊತ್ತಿರುವ ಹತ್ತು ಕನ್ನಡ ಶಬ್ದ, ಎಲ್ಲ ಕಲಸುತ್ತಾರೆ. ಬಾಂಧಕಾಮ ಎಂದರೆ ಕಟ್ಟಡದ ಕೆಲಸ.

“ಇಟ್ಟಿಗಿ ಇಟ್ಟೀವಿ ಸಾಹೇಬ್ರ, ಕಟ್ಟಿಲ್ಲ,” ಅಂದೆ.

“ಇವತ್ತು ಇಟ್ಟಿಗೆ ಇಡ್ತೀರಿ, ನಾಳೆ ಸಿಮೆಂಟು ಹಾಕ್ತೀರಿ, ನಾಡಿದ್ದು ಮೇಲೆ ತಗಡಿನ ಪತ್ರೆ ಹೊದಿಸ್ತೀರಿ. ಮುಂಬೈಯಲ್ಲಿ ಅರ್ಧ ಮನೆಗಳು ಹೀಗೇ ಹುಟ್ಟಿದ್ದು. ಭಾನುವಾರ ಮೀಟಿಂಗಿದೆ. ಅಷ್ಟರೊಳಗೆ ತೆಗೀರಿ, ಇಲ್ಲದಿದ್ದರೆ ಕಮಿಟಿಯವರೇ ತೆಗೆಸಿ ರಸ್ತೆಗೆ ಇಡ್ತಾರೆ.”

ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ, ಹೊರಟವರು ತಿರುಗಿ ನಿಂತರು. “ನೆಲಕ್ಕೆ ತಾಗಿಕೊಂಡಿದ್ದರೆ ತಕರಾರು. ಗಾಲಿ ಹಚ್ಚಿಬಿಡಿ. ಸರಿದಾಡುವ ಸಾಮಾನಿಗೆ ಯಾರೂ ಏನೂ ಅನ್ನುವ ಹಾಗಿಲ್ಲ,” ಅಂದರು.

ಹೀಗೆ ನಮ್ಮ ಮನೆಯಲ್ಲಿ ಗಾಡಿ ಕಟ್ಟುವ ಕೆಲಸ ಶುರುವಾಯಿತು. ಬಸ್ಯಾ ಜೀವಮಾನದಲ್ಲಿ ಒಂದು ಮೊಳೆ ನೆಟ್ಟಗೆ ಹೊಡೆದವನಲ್ಲ. ಗೋಡೆಗೆ ಕ್ಯಾಲೆಂಡರ್ ಹಾಕಲು ಹೋಗಿ ಗೋಡೆಯನ್ನೇ ಉದುರಿಸಿದವನು. ಆದರೂ ಒಂದು ಸಂಜೆಯಿಡೀ ಫೋನು ನೋಡಿ, ಹಳೇ ಟೀವಿ ಇಡುವ ಕಟ್ಟಿಗೆಯ ಸ್ಟ್ಯಾಂಡಿಗೆ ನಾಲ್ಕು ಸಣ್ಣ ಗಾಲಿ ಬಡಿದು, “ತಗೋ ಯವ್ವಾ, ಟ್ರಾಲಿ,” ಅಂದ. ಕೆಂಡದ ಡ್ರಮ್ಮಿಗೆ ಕಟ್ಟಿಗೆಯ ಹಾಸಿಗೆ! ಸೌದೆಯ ಮೇಲೆ ಬೆಂಕಿ ಇಟ್ಟರೆ ಅದಕ್ಕೆ ಒಲೆ ಅನ್ನುತ್ತಾರೆ, ಗಾಡಿ ಅನ್ನುವುದಿಲ್ಲ ಅಂತ ಹೇಳಿದೆ. ಕೇಳಲಿಲ್ಲ. ಡ್ರಮ್ಮು ಇಟ್ಟು ಇದ್ದಿಲು ಹೊತ್ತಿಸಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದಲೂ ಹೊಗೆ ಬರತೊಡಗಿತು. ಎರಡು ಬಕೆಟ್ ನೀರು ಹೋಯಿತು, ಸ್ಟ್ಯಾಂಡು ಹೋಯಿತು, ಅದಕ್ಕಿಂತ ಹೆಚ್ಚಾಗಿ ಮಾದೇವಿಯ ಟೀವಿ ನೆಲಕ್ಕಿಳಿಯಿತು. ಆ ರಾಮಾಯಣ ಬೇರೆಯೇ ಇದೆ.

ಕಬ್ಬಿಣ ಬೇಕು ಅಂತಾಯಿತು. ಹೊಸ ಆಂಗಲ್ ತರುವುದು ದುಬಾರಿ. ನಾನು ಮನೆಯೊಳಗೆಲ್ಲ ಕಣ್ಣಾಡಿಸಿದೆ. ಮೂಲೆಯಲ್ಲಿ ನನ್ನ ಗಂಡನ ಕಬ್ಬಿಣದ ಮಂಚ ಇತ್ತು. ಅವರು ಹೋದ ಮೇಲೆ ಅದರ ಮೇಲೆ ಯಾರೂ ಮಲಗುತ್ತಿರಲಿಲ್ಲ, ಕೆಳಗೆ ಈರುಳ್ಳಿ, ಮೇಲೆ ಹಳೇ ಕೌದಿ ಇಡುತ್ತಿದ್ದೆವು.

“ಅದನ್ನ ಕೊಯ್ಸು,” ಅಂದೆ.

ಬಸ್ಯಾ ಕೈ ಹಿಂದೆ ಕಟ್ಟಿ ನಿಂತ. “ಯವ್ವಾ, ಅಪ್ಪನ ಮಂಚ ಅದು.”

“ನನಗೇನ್ ಹೇಳತಿ? ನಾನೂ ಮಲಗೀನಿ ಅದರ ಮ್ಯಾಲ. ಹೊರಳಿದ್ರ ಓಣಿ ತುಂಬ ಕೇಳತಿತ್ತು.”

“ನೆನಪಿಗೆ ಅಂತ ಇರಲಿ ಅಂದೆ...”

“ನೆನಪಿಗೆ ಫೋಟೋ ಐತಿ. ಫೋಟೋಕ್ಕ ಗಾಲಿ ಹಚ್ಚಾಕ ಬರೂದಿಲ್ಲ. ತಗೊಂಡ್ ಹೋಗು.”

ಗೋಡೆಯ ಫೋಟೋದ ಕಡೆ ಒಮ್ಮೆ ನೋಡಿದೆ. ಅವರು ಬದುಕಿದ್ದಾಗಲೂ ನನ್ನ ಮಾತಿಗೆ ಎದುರಾಡಿದವರಲ್ಲ. ಪಕ್ಕೆಲುಬಿನ ತುಂಡೆಂದರೆ ಅವರಿಗೂ ಪ್ರಾಣ.

ಮಂಚವನ್ನು ಬಸ್ಯಾ ವೆಲ್ಡಿಂಗ್ ಅಂಗಡಿಗೆ ಹೊರಿಸಿಕೊಂಡು ಹೋದ, ನಾನು ರಿಕ್ಷಾದಲ್ಲಿ ಹಿಂದೆ ಹೋದೆ. ಉದ್ದ ಎಷ್ಟು ಬೇಕು ಅಂತ ಬಸ್ಯಾ ಫೋನಿನಲ್ಲಿ ಅಳತೆ ತೆಗೆದುಕೊಂಡಿದ್ದ. ನಾನು ಡ್ರಮ್ಮನ್ನು ನನ್ನ ಗೇಣಿನಲ್ಲಿ ಅಳೆದಿದ್ದೆ. ಎರಡೂ ಹೊಂದಲಿಲ್ಲ. ವೆಲ್ಡಿಂಗಿನವನು ಇಬ್ಬರ ಮುಖ ನೋಡಿ, ನಡುವೆ ಒಂದು ಕಡೆ ಕೊಯ್ದ. ಉದ್ದ ಅರ್ಧವಾಯಿತು, ಕಾಲು ಮೊಣಕಾಲಿನಷ್ಟಾಯಿತು, ತಲೆಯ ಕಡೆಯ ಬಾಗಿದ ಪೈಪು ತಳ್ಳುವ ಹಿಡಿಯಾಯಿತು. ಗಾಲಿ ಬಂದದ್ದು ರಫೀಕನ ಅಂಗಡಿಯಿಂದ. ಎರಡು ದೊಡ್ಡವು, ದಪ್ಪ ರಬ್ಬರಿನವು, ಯಾವುದೋ ಆಸ್ಪತ್ರೆಯ ಸ್ಟ್ರೆಚರಿನವು. ಅದೇ ಜಾತಿಯವು ಇನ್ನೆರಡು ಇರಲಿಲ್ಲ. ಹಿಂದಕ್ಕೆ ಒಂದು ಫ್ರಿಜ್ಜಿನ ಕೆಳಗಿದ್ದ ಪುಟ್ಟ ಗಾಲಿಗಳನ್ನು ಹಚ್ಚಿದರು. ಮುಂದೆ ಎತ್ತರ, ಹಿಂದೆ ತಗ್ಗು. ಗಾಡಿ ಯಾವಾಗಲೂ ಬೆಟ್ಟ ಹತ್ತುವ ಹಾಗೆ ನಿಲ್ಲುತ್ತಿತ್ತು. ತಗ್ಗಿನ ಕಡೆಗೆ ಹಿಂದಿನ ಕಾಲು ಉದ್ದ ಮಾಡಿಸಿದ್ದರೆ ಸರಿಹೋಗುತ್ತಿತ್ತು, ಬಸ್ಯಾ ಮುಂದಿನ ಕಾಲು ಉದ್ದ ಮಾಡಿಸಿಕೊಂಡು ಬಂದ. ಈಗ ಬೆಟ್ಟ ಇನ್ನೂ ಕಡಿದಾಯಿತು. ಮಾಂಸದ ಕೊಬ್ಬೆಲ್ಲ ಕರಗಿ ಹಿಂದಕ್ಕೆ ಹರಿದು ತೊಟ್ಟಿಕ್ಕುತ್ತಿತ್ತು. ನಾನು ಅಲ್ಲೊಂದು ಡಬ್ಬಿ ಕಟ್ಟಿದೆ. ಆ ಕೊಬ್ಬನ್ನು ರೊಟ್ಟಿಗೆ ಸವರಿದರೆ ಬೆಣ್ಣೆ ಬೇಡ. ಮಗನ ತಪ್ಪಿನಿಂದ ನಾನು ಲಾಭ ಮಾಡಿಕೊಂಡದ್ದು ಅದೊಂದೇ ಸಲ.

ಡ್ರಮ್ಮು ಏರಿಸಿ ನಿಲ್ಲಿಸಿದ ದಿನ ಹಸೀನಾ ಬಂದು ಸುತ್ತು ಹಾಕಿ ನೋಡಿದಳು. ಮಂಚದ ಮೇಲೆ ಹೊಟ್ಟೆ ಉಬ್ಬಿಸಿ ಮಲಗಿದ ಡ್ರಮ್ಮು, ಕೆಳಗೆ ಆಸ್ಪತ್ರೆಯ ಗಾಲಿ.

“ಅಕ್ಕಾ, ಇದು ಗಾಡಿ ಅಲ್ಲ, ಪೇಶಂಟು,” ಅಂದಳು. “ಆಪರೇಶನ್‌ಗೆ ಒಯ್ಯಾಕತ್ತಾರ ನೋಡು. ಮೂಗಿನಾಗ ನಳಗಿ ಬ್ಯಾರೆ ಹಾಕ್ಯಾರ.”

ತಳ್ಳಿ ನೋಡಿದೆ. ಆಸ್ಪತ್ರೆಯ ಗಾಲಿ ಎಣ್ಣೆಯ ಹಾಗೆ ಜಾರಿತು, ಮಂಚ ಮಾತ್ರ ‘ಕಿರ್ರ್’ ಅಂತು. ಅದೇ ಸದ್ದು. ಕೊಯ್ದು ಅರ್ಧ ಮಾಡಿ ಬೋಲ್ಟು ಬಿಗಿದರೂ ಆ ಸದ್ದು ಹೋಗಿರಲಿಲ್ಲ. “ಸುಮ್ಮನ ಮಲಗ್ರಿ ಅತ್ಲಾಗ,” ಅಂತ ಬಾಯಿಗೆ ಬಂದಿತ್ತು, ಹಸೀನಾ ಇದ್ದಾಳೆ ಅಂತ ನುಂಗಿಕೊಂಡೆ.

ಭಾನುವಾರ ಮೀಟಿಂಗ್ ಮುಗಿಸಿ ಕಮಿಟಿಯವರು ಹಿಂದಕ್ಕೆ ಬಂದರು. ಸಾವಂತರು ಇಟ್ಟಿಗೆ ಇದ್ದ ಜಾಗವನ್ನು ಚಪ್ಪಲಿಯಿಂದ ತಟ್ಟಿ ನೋಡಿದರು. ಆಮೇಲೆ ಒಂದು ಬೆರಳಿನಿಂದ ಗಾಡಿಯನ್ನು ತಳ್ಳಿದರು. ಸರಿಯಿತು. “ಝಾಲಂ, ಆಯ್ತು! ಇನ್ನು ಇದು ಬಾಂಧಕಾಮ ಅಲ್ಲ,” ಅಂತ ಎಲ್ಲರೆದುರಿಗೆ ಘೋಷಿಸಿದರು. ತಾವೇ ಹೆರಿಗೆ ಮಾಡಿಸಿದ ಹಾಗೆ ಖುಷಿಯಾಗಿದ್ದರು. ಆದರೆ ಸರಿದಾಡುವ ಸಾಮಾನಿನ ಕಷ್ಟ ಏನೆಂದರೆ, ಎಲ್ಲರೂ ಅದನ್ನು ಸರಿಸು ಅನ್ನುತ್ತಾರೆ. ಇಟ್ಟಿಗೆಯ ಮೇಲಿದ್ದಾಗ ಹೊಗೆ ಎತ್ತ ಹೋದರೂ ಜನ ಗಾಳಿಯನ್ನು ಬೈಯುತ್ತಿದ್ದರು. ಗಾಲಿ ಬಂದ ಮೇಲೆ ನನ್ನನ್ನು ಬೈಯತೊಡಗಿದರು. ಮೂರನೇ ಮಾಳಿಗೆಯಿಂದ ಒಬ್ಬಳು ಬಟ್ಟೆ ಒಣಹಾಕಿದ್ದೇನೆ ಈಚೆ ತಳ್ಳು ಅಂದರೆ, ಮೊದಲನೇ ಮಾಳಿಗೆಯಿಂದ ಇನ್ನೊಬ್ಬಳು ಪೂಜೆಗೆ ಕೂತಿದ್ದೇವೆ ಆಚೆ ತಳ್ಳು ಅನ್ನುತ್ತಿದ್ದಳು. ನಾನು ಅಡುಗೆ ಮಾಡುತ್ತಿದ್ದೇನೋ ಶಂಟಿಂಗ್ ಮಾಡುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಕೊನೆಗೆ ಗೇಟಿನ ಹತ್ತಿರದ ತುದಿಯೇ ಒಳ್ಳೆಯದು ಅಂತಾಯಿತು. ಗೇಟು ತೆಗೆದಿಟ್ಟರೆ ಹೊಗೆ ರಸ್ತೆಗೆ ಹೋಗುತ್ತಿತ್ತು. ರಸ್ತೆಯವರು ಸೊಸೈಟಿಯ ಮೆಂಬರಲ್ಲ.

ಮೊದಲೆರಡು ಭಾನುವಾರ ಚೆನ್ನಾಗಿ ನಡೆಯಿತು. ಮೂರನೆಯದು ಬಂತು. ಬಸ್ಯಾ ಕುರ್ಲಾದಿಂದ ಒಳ್ಳೆಯ ಎಳೆಯ ಪಕ್ಕೆಲುಬು ತಂದುಕೊಟ್ಟು, ಬ್ಯಾಂಕಿನ ಎ.ಟಿ.ಎಮ್ಮಿಗೆ ಬದಲಿ ಡ್ಯೂಟಿ ಅಂತ ಹೋದ. ಮಾದೇವಿ ಜೋಳ ಬೀಸಿಸಲು ಗಿರಣಿಗೆ ಹೋದಳು. ನಾನು ಒಂದು ತಾಟು ಬದನೆಕಾಯಿ, ಒಂದಿಷ್ಟು ಭುಟ್ಟಾ, ಪಕ್ಕೆಲುಬು ಎಲ್ಲ ಇಟ್ಟು ಮುಚ್ಚಳ ಹಾಕಿ ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ. ಇಳಿಬಿಸಿಲು ನೇರ ಕಣ್ಣಿಗೆ ಬೀಳುತ್ತಿತ್ತು. ಮಾದೇವಿಯ ಹಳೇ ಛತ್ರಿಯನ್ನು ಮಂಚದ ಪೈಪಿಗೆ ಚಿಂದಿಯಿಂದ ಕಟ್ಟಿದೆ. ನೆರಳಾಯಿತು. ಹೊತ್ತು ಹೋಗಲೆಂದು ಕೈಯಲ್ಲೊಂದು ಬೀಸಣಿಗೆ ಹಿಡಿದೆ. ಗೇಟಿನಾಚೆ ರಸ್ತೆಯ ಅಂಚಿನಲ್ಲಿ ನಾಲ್ಕಾರು ಹೆಂಗಸರು ಸಂಜೆಯ ತರಕಾರಿ ಮಾರಲು ಕೂತಿದ್ದರು. ಹೋಗುವವರೊಬ್ಬರು ನಿಂತು ಮೂಗು ಎತ್ತಿ, “ಕಿತ್ನೇ ಕಾ, ಅಮ್ಮಾ?” ಅಂತ ಕೇಳಿದರು.

“ಮಾರಾಕಿಲ್ಲ. ಮನಿಗೆ,” ಅಂದೆ. ಇನ್ನೊಬ್ಬರು ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಛತ್ರಿ, ಗಾಲಿ, ಹೊಗೆ, ಬೀಸಣಿಗೆ ಹಿಡಿದ ಮುದುಕಿ, ಇಷ್ಟೆಲ್ಲ ಒಟ್ಟಿಗೆ ಕಂಡರೆ ಜನ ಇನ್ನೇನು ತಿಳಿಯಬೇಕು ಅನ್ನುವುದು ನನಗೆ ಆಗ ಹೊಳೆಯಲಿಲ್ಲ.

ಆಗಲೇ ರಸ್ತೆಯ ತುದಿಯಿಂದ ಕೂಗು ಬಂತು. “ಗಾಡೀ ಆಯೀ! ಗಾಡೀ!”

ತರಕಾರಿಯವರು ಗೋಣಿ ಎಳೆದುಕೊಂಡು ಎದ್ದರು. ಒಬ್ಬಳ ಟೊಮೆಟೊ ಉರುಳಿತು. ಮುಂದಿನದನ್ನು ನಾನು ಯೋಚನೆ ಮಾಡಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಕಾಲು ಎದ್ದಿತು, ಅದರ ಹಿಂದೆ ನಾನೂ ಎದ್ದೆ. ನನ್ನ ಮನೆಯ ಹಿಂದೆ, ನನ್ನ ಗೇಟಿನೊಳಗೆ, ನನ್ನ ಊಟ ಬೇಯಿಸುತ್ತಾ ಕೂತವಳು ನಾನು. ಸುಮ್ಮನೆ ಗೇಟು ಹಾಕಿದ್ದರೆ ಮುಗಿದಿತ್ತು. ಆದರೆ ಬೀದಿಯಲ್ಲಿ ಕೂತವರಿಗೆ ಒಂದು ವಿಷಯ ರಕ್ತದಲ್ಲಿ ಇಳಿದಿರುತ್ತದೆ. ಗಾಡಿ ಬಂದಾಗ ಹಿಂದೆ ದಾರಿಯಿಲ್ಲದ ಸಂದಿಯೊಳಗೆ ಹೋಗಬಾರದು, ಅಲ್ಲಿ ಹೋದವರು ಇಲಿಯ ಹಾಗೆ ಸಿಕ್ಕಿಬೀಳುತ್ತಾರೆ. ಬಯಲಿಗೆ ಓಡಬೇಕು. ನಾನು ಮಂಚದ ಪೈಪು ಹಿಡಿದು, ಉರಿಯುವ ಡ್ರಮ್ಮು ಸಮೇತ, ಗೇಟಿನಿಂದ ಹೊರಗೆ, ನಡುರಸ್ತೆಗೆ ಓಡಿದೆ.

ಗಾಡಿ ಏನು ಓಡಿತು ಅಂತೀರಿ! ಅವಸರದ ರೋಗಿಗಳನ್ನು ಒಯ್ದು ಪಳಗಿದ ಗಾಲಿಗಳು ಅವು. ಮುಂದೆ ಎತ್ತರ, ಹಿಂದೆ ತಗ್ಗು, ತಲೆಯ ಮೇಲೆ ಛತ್ರಿ, ಕೊಳವೆಯಿಂದ ಭುಸ್ಸನೆ ಹೊಗೆ, ಕೆಳಗಿನಿಂದ ನನ್ನ ಗಂಡನ ‘ಕಿರ್ರ್ ಕಿರ್ರ್’. ಒಂದು ರಿಕ್ಷಾ ತಾನಾಗಿ ಪಕ್ಕಕ್ಕೆ ಸರಿಯಿತು. ಮೂರು ವರ್ಷದಿಂದ ಸಂಡಾಸಿಗೆ ಹೋಗಲು ಗೋಡೆ ಹಿಡಿದು ನಡೆಯುವವಳು ನಾನು. ಮೆಡಿಕಲ್ ಅಂಗಡಿಯವರೆಗೆ ಓಡಿದೆ. ಅಲ್ಲಿ ಉಸಿರು ನಿಂತಿತು, ನಾನೂ ನಿಂತೆ. ಪಾಲಿಕೆಯ ಗಾಡಿ ಆರಾಮಾಗಿ ಬಂದು ಪಕ್ಕದಲ್ಲೇ ನಿಂತಿತು. ಅದರಲ್ಲಿದ್ದ ಸಾಹೇಬರು ಇಳಿದು ಬಂದರು. ಕನ್ನಡಕದ, ಸಮಾಧಾನದ ಮನುಷ್ಯ. ಅವರ ಜೊತೆಯ ಇಬ್ಬರು ನನ್ನ ಗಾಡಿ ಎತ್ತಲು ಬಗ್ಗಿ, ಡ್ರಮ್ಮಿಗೆ ಕೈ ತಾಗಿಸಿ, ಹಾಗೇ ಹಿಂದಕ್ಕೆ ಹಾರಿದರು.

“ಆಜೀ, ಲೈಸನ್ಸ್?” ಅಂದರು ಸಾಹೇಬರು.

“ಎಂಥಾ ಲೈಸನ್ಸು? ನಾ ಮಾರಾಕಿ ಅಲ್ಲ. ಇದು ನನ್ನ ಅಡಿಗಿಮನಿ.” ಭಾಷೆ ನನ್ನದು ಹಿಂದಿಯೋ ಮರಾಠಿಯೋ ಆ ಹೊತ್ತಿನಲ್ಲಿ ದೇವರಿಗೇ ಗೊತ್ತು, ಅವರಿಗೆ ಅರ್ಥವಾಯಿತು.

“ಅಡುಗೆಮನೆಗೆ ಗಾಲಿ ಯಾಕೆ?”

“ಗಾಲಿ ಇಲ್ಲಂದ್ರ ಬಾಂಧಕಾಮ ಅಂತಾರ ಸಾಹೇಬ್ರ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಈ ಉತ್ತರ ಅವರ ನೌಕರಿಯಲ್ಲಿ ಯಾರೂ ಕೊಟ್ಟಿರಲಿಕ್ಕಿಲ್ಲ. ಆಮೇಲೆ ನಿಧಾನವಾಗಿ ಕೇಳಿದರು, “ಮಾರುವವಳಲ್ಲ ಅಂದರೆ ಓಡಿದ್ದು ಯಾಕೆ?”

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. “ನೀವು ಬಂದ್ರಿ, ಅದಕ್ಕ,” ಅಂದೆ.

ಅವರು ನಗಲಿಲ್ಲ, ಅವರ ಜೊತೆಯವರು ನಕ್ಕರು. ಡ್ರಮ್ಮು ಹೋದರೆ ಹೋಯಿತು. ಬಿಡಿಸಿಕೊಂಡು ಬರಲು ಬಸ್ಯಾ ರಜೆ ಹಾಕಿ ಆಫೀಸಿನಿಂದ ಆಫೀಸಿಗೆ ಅಲೆಯುವವನಲ್ಲ, ಸೊಸೈಟಿಯವರು ಇನ್ನೊಂದು ಇಡಗೊಡುವುದಿಲ್ಲ. ಸಾಯುವವರೆಗೆ ಕುಕ್ಕರಿನ ಸೀಟಿ ಕೇಳುತ್ತಾ ಕೂರಬೇಕು. ಸಾಹೇಬರು ಕರವಸ್ತ್ರ ಸುತ್ತಿ ಮುಚ್ಚಳ ಎತ್ತಿದರು. ಹೊಗೆ ಎದ್ದಿತು. ಪಕ್ಕೆಲುಬು ಕೆಂಪಗೆ, ಬದನೆಕಾಯಿ ಕಪ್ಪಗೆ ಸೊರಗಿ ಮಲಗಿದ್ದವು. ಅವರು ಸುತ್ತ ಹಣಕಿ ನೋಡಿದರು, ಗಾಡಿಯ ಕೆಳಗೆ ಬಗ್ಗಿ ನೋಡಿದರು.

“ಪ್ಲೇಟು ಎಲ್ಲಿ?”

“ಯಾವ ಪ್ಲೇಟು?”

“ಚಟ್ನಿ? ಲಿಂಬೆಹಣ್ಣು? ರೊಕ್ಕದ ಡಬ್ಬಿ?”

“ಡಬ್ಬಿ ಐತಿ, ಅದರಾಗ ಕೊಬ್ಬೈತಿ,” ಅಂದೆ.

ಅವರು ಮುಚ್ಚಳ ಹಾಕಿದರು. “ಪ್ಲೇಟಿಲ್ಲ, ಚಟ್ನಿಯಿಲ್ಲ. ಮಾರುವವರು ಹೀಗೆ ಬರುವುದಿಲ್ಲ. ಬಿಡಿ ಈಕೆಯನ್ನು,” ಅಂತ ಜೊತೆಯವರಿಗೆ ಹೇಳಿ, ನನ್ನ ಕಡೆ ತಿರುಗಿ, “ಆಜೀ, ಗೇಟಿನೊಳಗೆ ಏನು ಬೇಕಾದರೂ ಮಾಡಿಕೊಳ್ಳಿ. ಹೊರಗೆ ತರಬೇಡಿ. ಇನ್ನೊಮ್ಮೆ ಕಂಡರೆ ಎತ್ತಿಕೊಂಡೇ ಹೋಗ್ತೇವೆ,” ಅಂದು ಹತ್ತಿ ಕೂತರು. ಪಾಲಿಕೆಯ ಗಾಡಿ ಸಯನ್ ಕಡೆಗೆ ಹೋಯಿತು.

ನಾನು ಗಾಡಿ ತಿರುಗಿಸಿ ಮನೆಯ ಕಡೆ ತಳ್ಳತೊಡಗಿದೆ. ಹೋಗುವಾಗ ಹೂವಿನಂತಿದ್ದ ಗಾಡಿ ಬರುವಾಗ ಕಲ್ಲಾಗಿತ್ತು. ಗೇಟು ಇನ್ನು ಹತ್ತು ಮಾರು ಇರುವಾಗ ಕಾಲು ನ್ಯಾಯ ಕೇಳಿತು, ತರಕಾರಿಯವರ ಹತ್ತಿರ ಗಾಡಿ ನಿಲ್ಲಿಸಿ ಕಟ್ಟೆಯ ಮೇಲೆ ಕೂತೆ. ಅವರೆಲ್ಲ ಮರಳಿ ಬಂದು ಗೋಣಿ ಹಾಸುತ್ತಿದ್ದರು. ಲೋಕಲ್ ರೈಲು ಇಳಿದ ಜನ ಮನೆಗೆ ಹೋಗುವ ಹೊತ್ತು. ಬ್ಯಾಗು ನೇತುಹಾಕಿಕೊಂಡ ಒಬ್ಬ ಮನುಷ್ಯ ನಿಂತು, “ಏ ಕೈಸಾ ದಿಯಾ?” ಅಂದ.

ನನಗೆ ಉಸಿರಿಲ್ಲದಿದ್ದರೂ ಬಾಯಿ ಭುಟ್ಟಾಕ್ಕೆ ಒಂದು ದರ ಹೇಳಿತು. ಅವನು ಸುಮ್ಮನೆ ರೊಕ್ಕ ತೆಗೆದಿದ್ದರೆ ನನಗೆ ಎಚ್ಚರವಾಗುತ್ತಿತ್ತು, ಅಯ್ಯೋ ಇದು ಮನೆಗೆ ಅಂತ ಹೇಳಿಬಿಡುತ್ತಿದ್ದೆ. ಆದರೆ ಆ ಪುಣ್ಯಾತ್ಮ, “ಇಷ್ಟು ಜಾಸ್ತಿಯಾ? ಸ್ಟೇಷನ್ನಿನ ಹತ್ತಿರ ಅರ್ಧಕ್ಕೆ ಸಿಗುತ್ತೆ,” ಅಂದ. ಚೌಕಾಶಿ ಮಾಡುವವನ ಮುಂದೆ ಎದ್ದು ಹೋದವಳಲ್ಲ ನಾನು. “ಹಂಗಾದ್ರ ಸ್ಟೇಷನ್ನಿಗೇ ಹೋಗು. ಅಲ್ಲಿ ಸಿಗೋದು ಸುಟ್ಟ ಭುಟ್ಟಾ. ಇದು ಹೊಗಿಯಾಗ ಬೆಂದಿದ್ದು. ಮೊದಲು ಮೂಸಿ ನೋಡು,” ಅಂತ ಮುಚ್ಚಳ ಎತ್ತಿದೆ. ಮುಚ್ಚಳ ಎತ್ತಿದ್ದೇ ತಪ್ಪಾಯಿತು. ಗಾಳಿ ರಸ್ತೆಯ ಕಡೆಗಿತ್ತು. ಆ ಮನುಷ್ಯನ ಹಿಂದೆ ಇನ್ನಿಬ್ಬರು ನಿಂತರು. ಪ್ಲೇಟಿಲ್ಲ ಅಂದರೆ ತರಕಾರಿಯವಳು ಹೂಕೋಸಿನ ಅಗಲ ಎಲೆಗಳನ್ನು ಹರಿದು ಕೊಟ್ಟಳು, ಲಿಂಬೆಹಣ್ಣನ್ನೂ ಕೊಟ್ಟಳು, ಬದಲಿಗೆ ಒಂದು ಭುಟ್ಟಾ ಕಿತ್ತುಕೊಂಡಳು. ಒಬ್ಬಳು ಫೋನು ಹಿಡಿದು, “ಸ್ಕ್ಯಾನರ್ ಇಲ್ವಾ ಆಂಟಿ?” ಅಂದಳು. “ಸ್ಕ್ಯಾನರ್ ಆಸ್ಪತ್ರೆಯಾಗ ಇರ್ತಾವ. ಚಿಲ್ಲರ ತಗಿ,” ಅಂದೆ. ಒಂದು ಕಣ್ಣು ಗಿರಾಕಿಯ ಮೇಲೆ, ಒಂದು ಕಣ್ಣು ರಸ್ತೆಯ ತುದಿಯ ಮೇಲೆ, ಎಡಗೈಯಲ್ಲಿ ರೊಕ್ಕ, ಬಲಗೈಯಲ್ಲಿ ಚಿಮಟಿಗೆ. ಮೊಣಕಾಲು ನೋಯುತ್ತಿದೆ ಅನ್ನುವುದೇ ಮರೆತುಹೋಯಿತು. ಕೊನೆಯ ಪಕ್ಕೆಲುಬಿಗೆ ಇಬ್ಬರು ಜಗಳಾಡಿದರು, ಹೆಚ್ಚು ಕೊಟ್ಟವನಿಗೆ ಕೊಟ್ಟೆ. ಆಮೇಲೆ ಇನ್ನೊಂದು ತುಂಡಿಗೆ ಕೈ ಹಾಕಿದಾಗ ಬರೀ ಜಾಲಿ ಸಿಕ್ಕಿತು.

ಖಾಲಿ ಡ್ರಮ್ಮು ತಳ್ಳಿಕೊಂಡು ಗೇಟಿನೊಳಗೆ ಬಂದೆ. ಮನೆಯಲ್ಲಿ ಮಾದೇವಿ ಬಿಸಿ ರೊಟ್ಟಿ ಬಡಿದು ಇಟ್ಟಿದ್ದಳು, ಬಸ್ಯಾ ಕೈ ತೊಳೆದುಕೊಂಡು ತಾಟಿನ ಮುಂದೆ ಕೂತಿದ್ದ.

“ಯವ್ವಾ, ಎಲ್ಲಿ?” ಅಂದ.

“ಏನ್ ಹೇಳ್ಲೋ ಬಸ್ಯಾ. ಪಾಲಿಕಿ ಗಾಡಿ ಬಂದಿತ್ತು. ಡ್ರಮ್ಮು ಬಿಟ್ರು. ಒಳಗಿಂದೆಲ್ಲ ಜಪ್ತಿ ಮಾಡಿಕೊಂಡು ಹೋದ್ರು.”

ಬಸ್ಯಾ ಎದ್ದು ನಿಂತ. ಮನೆಯ ಮಾಂಸವನ್ನು ಹೇಗೆ ಜಪ್ತಿ ಮಾಡುತ್ತಾರೆ, ಕಾನೂನಿಲ್ಲವೇ, ನಾಳೆಯೇ ಅವರ ಆಫೀಸಿಗೆ ಹೋಗುತ್ತೇನೆ, ಯೂನಿಫಾರ್ಮ್ ಹಾಕಿಕೊಂಡೇ ಹೋಗುತ್ತೇನೆ ಅಂತ ಕೂಗಾಡಿದ. ಹುಟ್ಟಿದಾಗಿನಿಂದ ಅವನು ಅಷ್ಟು ಸಿಟ್ಟಾದದ್ದನ್ನು ನಾನು ನೋಡಿರಲಿಲ್ಲ. “ಹೋಗ್ಲಿ ಬಿಡಪ್ಪಾ, ಅವರಿಗೂ ಹೊಟ್ಟಿ ಐತಿ,” ಅಂತ ಸಮಾಧಾನ ಮಾಡಿದೆ. ಮಾದೇವಿ ಮಧ್ಯಾಹ್ನದ ಬೇಳೆಯನ್ನು ಗ್ಯಾಸಿನ ಮೇಲೆ ಬಿಸಿ ಮಾಡಿ ತಂದಳು. ನನ್ನ ತಾಟಿಗೆ ಬಡಿಸಲು ಬಗ್ಗಿದವಳು ಹಾಗೇ ನಿಂತು, ನನ್ನ ಸೊಂಟದ ಕಡೆ ನೋಡಿದಳು. ಸೆರಗಿನ ತುದಿ ಗಂಟು ಹಾಕಿ ಸಿಕ್ಕಿಸಿದ್ದೆ. ಗಂಟು ಲಿಂಬೆಹಣ್ಣಿಗಿಂತ ದಪ್ಪಗಿತ್ತು, ನಾನು ಉಸಿರಾಡಿದರೂ ಝಣ ಅನ್ನುತ್ತಿತ್ತು.

“ಅತ್ತೀ,” ಅಂದಳು, “ಜಪ್ತಿ ಮಾಡ್ದವರು ಚಿಲ್ಲರಾನೂ ಕೊಟ್ಟು ಹೋದ್ರೇನ್ರಿ?”

ಬೇಳೆಗೆ ಉಪ್ಪು ಕಡಿಮೆಯಾಗಿದೆ ಅಂದೆ.